ಮೌನವೂ ಮಕ್ಕಳ ಮನಸ್ಸೂ

ನಮ್ಮ ಶಾಲೆಗಳಲ್ಲಿ ಮೌನವೆಂಬುದಕ್ಕೆ ಬಹುಕಾಲದಿಂದ ಒಂದೇ ಅರ್ಥ: ಕೈಕಟ್ಟು, ಬಾಯಿಮುಚ್ಚು. ಗದ್ದಲವಿಲ್ಲದ ತರಗತಿಯೇ ಒಳ್ಳೆಯ ತರಗತಿಯೆಂದು ನಾವೂ ತರಬೇತಿಯ ಕಾಲದಲ್ಲಿ ಕಲಿತೆವು. ಅನೇಕ ವರ್ಷ ಹಾಗೆಯೇ ನಡೆದೆವು. ಆದರೆ ಬಾಯಿ ಮುಚ್ಚಿರುವ ಮಗುವಿನ ಮನಸ್ಸಿನಲ್ಲಿ ಏನು ನಡೆಯುತ್ತಿರುವುದೆಂದು ವಿಚಾರಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಈ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯ್ತಂದೆಗಳ ಮುಂದೆ ನಾಲ್ಕು ಮಾತುಗಳನ್ನಿಡಲು ಬಯಸುತ್ತೇವೆ.

ಮೌನಕ್ಕೆ ಬೇರೊಂದು ಅರ್ಥವನ್ನು ಕೊಟ್ಟವರು ಕ್ವೇಕರರು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾರ್ಜ್ ಫಾಕ್ಸನ ಬೋಧನೆಯಿಂದ ಹುಟ್ಟಿದ ಈ ಮಿತ್ರಸಂಘದವರು, ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೈವಿಕವಾದ ಬೆಳಕುಂಟೆಂದು ನಂಬುವರು. ಅವರ ಹಳೆಯ ಪದ್ಧತಿಯ ಆರಾಧನೆಯಲ್ಲಿ ಎಲ್ಲರೂ ಕೂಡಿ ಮೌನವಾಗಿ ಕುಳಿತಿರುವರು. ಯಾರಿಗೆ ಅಂತಃಪ್ರೇರಣೆಯಾಗುವುದೋ ಅವರು, ಗಂಡಸಾಗಲಿ ಹೆಂಗಸಾಗಲಿ, ಎದ್ದು ಮಾತನಾಡುವರು. ಅವರ ಶಾಲೆಗಳಲ್ಲಿಯೂ ಈ ಮೌನಕೂಟವುಂಟು. ಅಲ್ಲಿ ಉಪಾಧ್ಯಾಯರು ಮಕ್ಕಳೊಡನೆಯೇ ಸುಮ್ಮನೆ ಕುಳಿತಿರುವರು. ನಮ್ಮ ಮೌನವು ಮೇಲಿನವರು ಹೇರಿದ್ದು; ಅವರದು ಎಲ್ಲರೂ ಹಂಚಿಕೊಂಡದ್ದು. ಭೇದವಿರುವುದು ಇಲ್ಲಿಯೇ.

ಯಾರ್ಕ್ ಪಟ್ಟಣದ ಟ್ಯೂಕ್ ದಂಪತಿಗಳ ವೃತ್ತಾಂತವನ್ನು ಇಲ್ಲಿ ಸ್ಮರಿಸುವುದು ಉಚಿತ. 1785ರಲ್ಲಿ ಎಸ್ತರ್ ಟ್ಯೂಕ್ ಎಂಬಾಕೆ ಅಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಯೊಂದನ್ನು ತೆರೆದಳು. 1790ರಲ್ಲಿ ಅದೇ ಊರಿನ ಹುಚ್ಚಾಸ್ಪತ್ರೆಯಲ್ಲಿ ಕ್ವೇಕರ್ ಸ್ತ್ರೀಯೊಬ್ಬಳು ಮೃತಳಾದಳು. ಆಕೆಯನ್ನು ನೋಡಲು ಹೋದ ಮಿತ್ರರಿಗೆ ಪ್ರವೇಶವೇ ದೊರೆತಿರಲಿಲ್ಲ. ಇದರಿಂದ ಮನನೊಂದು ಎಸ್ತರಳ ಪತಿ ವಿಲಿಯಂ ಟ್ಯೂಕನು ಮುಂದಾಗಿ ನಿಂತು, 1796ರಲ್ಲಿ 'ರಿಟ್ರೀಟ್' ಎಂಬ ಆಶ್ರಯವನ್ನು ತೆರೆಯಿಸಿದನು. ಮನೋರೋಗಿಗಳನ್ನು ಸರಪಳಿಯಲ್ಲಿ ಬಿಗಿಯುತ್ತಿದ್ದ ಆ ಕಾಲದಲ್ಲಿ, ಅಲ್ಲಿ ಸರಪಳಿಯಿರಲಿಲ್ಲ. ತೋಟ, ನಡಿಗೆ, ಹೊಲಿಗೆ, ಜೊತೆಗೆ ಮೊಲಗಳು, ಕೋಳಿಗಳು ಇದ್ದುವು. ನೊಂದ ಮನಸ್ಸನ್ನು ಭಯದಿಂದಲ್ಲ, ಗೌರವದಿಂದ ನಡೆಯಿಸಿಕೊಳ್ಳಬೇಕೆಂಬ ತತ್ತ್ವವೂ ಹೆಣ್ಣುಮಕ್ಕಳ ವಿದ್ಯೆಯೂ ಒಂದೇ ಮನೆಯಲ್ಲಿ ಬೆಳೆದುವು.

ಹಾಗೆಂದು ಕ್ವೇಕರರು ತಪ್ಪನ್ನೇ ಮಾಡದವರಲ್ಲ. ವೈದ್ಯನಾದ ಜಾನ್ ಫಾದರ್‌ಗಿಲ್ಲನು 1779ರಲ್ಲಿ ಯಾರ್ಕ್‌ಷೈರಿನ ಆಕ್‌ವರ್ತ್‌ನಲ್ಲಿ ಬಾಲಕ ಬಾಲಿಕೆಯರಿಬ್ಬರಿಗೂ ಶಾಲೆಯನ್ನು ಸ್ಥಾಪಿಸಿದನು. ಉದ್ದೇಶವು ಉದಾತ್ತವಾದುದೇ, ಆದರೂ ಮೊದಲ ದಶಕಗಳಲ್ಲಿ ಅಲ್ಲಿ ವಾರ್ಷಿಕ ರಜೆಯೇ ಇರಲಿಲ್ಲ, ಮಕ್ಕಳು ತಾಯಿಯ ಮುಖವನ್ನು ಕಾಣದೆ ವರ್ಷಗಳನ್ನು ಕಳೆಯುತ್ತಿದ್ದರು. ಒಳ್ಳೆಯ ತತ್ತ್ವವೊಂದೇ ಸಾಲದು. ಎದುರಿಗಿರುವ ಮಗುವನ್ನು ಕಣ್ಣೆತ್ತಿ ನೋಡಬೇಕು.

ಈ ಪಾಠವನ್ನು ನಾವು ತಡವಾಗಿ ಕಲಿತೆವು. ಬಹಳ ವರ್ಷಗಳ ಕೆಳಗೆ, ಬೇರೊಂದು ಶಾಲೆಯಲ್ಲಿ, ಪ್ರಶ್ನೆಗೆ ಉತ್ತರ ಕೊಡದೆ ತಲೆತಗ್ಗಿಸಿದ ಹುಡುಗಿಯೊಬ್ಬಳನ್ನು ಹಟಮಾರಿಯೆಂದು ತಿಳಿದು ಬೆಂಚಿನ ಮೇಲೆ ನಿಲ್ಲಿಸಿದೆವು. ಆಕೆಯ ತಾಯಿ ಹಾಸಿಗೆ ಹಿಡಿದಿದ್ದಳೆಂದೂ, ತಮ್ಮ ತಂಗಿಯರಿಗೆ ಗಂಜಿ ಬೇಯಿಸಿಟ್ಟು ಹುಡುಗಿಯು ಹಸಿದೇ ಶಾಲೆಗೆ ಬರುತ್ತಿದ್ದಳೆಂದೂ ಒಂದು ತಿಂಗಳ ಮೇಲೆ ತಿಳಿಯಿತು. ಆಕೆಯು ನಮ್ಮನ್ನು ದೂರಲಿಲ್ಲ. ಅದೇ ನಮಗೆ ಇಂದಿಗೂ ಮುಳ್ಳು.

2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಪ್ರಕರಣವು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿರುವುದು. ಒಳ್ಳೆಯದೇ. ಆದರೆ ಕಾಯಿದೆಯು ನಮ್ಮ ಕೈಯ ಕೋಲನ್ನು ಕಿತ್ತುಕೊಳ್ಳಬಲ್ಲುದು. ಕೇಳುವ ಕಿವಿಯನ್ನು ಕೊಡಲಾರದು.

ಆದುದರಿಂದ ನಮ್ಮ ಅಭಿಪ್ರಾಯವಿದು. ಪ್ರತಿದಿನ ಬೆಳಗಿನ ಕೂಟದಲ್ಲಿ ಐದು ನಿಮಿಷ ಉಪಾಧ್ಯಾಯಿನಿಯರೂ ಮಕ್ಕಳೂ ಒಟ್ಟಿಗೆ ಮೌನವಾಗಿರಬೇಕು. ಆ ಮೌನದ ತರುವಾಯ ಮಾತಿಗೂ ಎಡೆಯಿರಬೇಕು. ಪ್ರತಿ ತರಗತಿಯ ಹುಡುಗಿಯರು ಅಂಜದೆ ಹೋಗಿ ಮನಸ್ಸು ಬಿಚ್ಚಬಹುದಾದ ಒಬ್ಬ ಉಪಾಧ್ಯಾಯಿನಿ ಇರಬೇಕು. ಮೌನವು ಎಲ್ಲಕ್ಕೂ ಮದ್ದಲ್ಲ. ನಿದ್ರೆಯೂ ಊಟವೂ ತಪ್ಪಿ ಕೊರಗುವ ಮಗುವನ್ನು ನಾಚಿಕೆಪಡದೆ ತಜ್ಞವೈದ್ಯರಲ್ಲಿಗೆ ಕರೆದೊಯ್ಯಬೇಕು, ಜ್ವರಕ್ಕೆ ಕರೆದೊಯ್ಯುವುದಿಲ್ಲವೆ?

ತಾಯ್ತಂದೆಗಳೇ, ಮಗಳು ಮನೆಗೆ ಬಂದೊಡನೆ ಎಷ್ಟು ಅಂಕ ಬಂದಿತೆಂಬುದನ್ನು ಕಡೆಯ ಪ್ರಶ್ನೆಯಾಗಿ ಇಟ್ಟುಕೊಳ್ಳಿರಿ. ಹಳೆಯ ವಿದ್ಯಾರ್ಥಿನಿಯರೇ, ಈ ಶಾಲೆಯಲ್ಲಿ ನೀವು ಹೇಳಲಾರದೆ ನುಂಗಿಕೊಂಡ ಮಾತುಗಳೇನಾದರೂ ಇದ್ದರೆ ಇಂದಾದರೂ ಬಂದು ಹೇಳಿರಿ. ಈ ಸಲ ನಾವು ಸುಮ್ಮನಿದ್ದು ಕೇಳುವೆವು.