ಹೊಸಿಲಿನ ಅಳುಕು

ದುಃಖ ಬಂದಾಗ ಮನುಷ್ಯ ಕಂಗೆಡುವುದು ಸಹಜವೆಂದು ಎಲ್ಲರೂ ಬಲ್ಲರು. ಬಯಸಿ ಬಯಸಿ ಪಡೆದ ಸುಖದ ಬಾಗಿಲಲ್ಲಿಯೂ ಅವನ ಎದೆ ನಡುಗುವುದುಂಟೆಂದರೆ ನಂಬುವವರು ವಿರಳ. ಮದುವೆ ನಿಶ್ಚಯವಾದ ಹುಡುಗಿಗೆ ನಿದ್ರೆ ಹಾರಿಹೋಗುತ್ತದೆ. ಮೊದಲ ನೌಕರಿಯ ಆದೇಶ ಕೈಗೆ ಬಂದ ತರುಣನಿಗೆ ಅನ್ನ ಸೇರುವುದಿಲ್ಲ. ಮೂವತ್ತು ವರ್ಷ ದುಡಿದು ನಿವೃತ್ತರಾದ ಹಿರಿಯರು, ಇನ್ನು ಆರಾಮವಾಗಿರಬಹುದೆಂದು ಎಲ್ಲರೂ ಹೇಳುತ್ತಿರುವಾಗಲೇ, ನಡುರಾತ್ರಿ ಎದ್ದು ಕುಳಿತು ಎದೆ ಒತ್ತಿಕೊಳ್ಳುತ್ತಾರೆ. "ಈಗ ಇವರಿಗೆ ಕಡಿಮೆಯಾದದ್ದೇನು?" ಎಂದು ಮನೆಯವರು ಕೇಳುತ್ತಾರೆ. ಕಡಿಮೆಯಾದದ್ದು ಏನೂ ಇಲ್ಲದಿರಬಹುದು. ಬದಲಾದದ್ದು ಮಾತ್ರ ಬಹಳ. ಈ ವಾರ ಅದನ್ನೇ ವಿಚಾರ ಮಾಡೋಣ.

ನಮ್ಮ ಹಿರಿಯರಿಗೆ ಈ ಸೂಕ್ಷ್ಮ ತಿಳಿದಿತ್ತೆಂದು ತೋರುತ್ತದೆ. ಹೊಸ ಸೊಸೆ ಹೊಸಿಲ ಮೇಲಿನ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರಬೇಕು, ಬಸುರಿಗೆ ಸೀಮಂತ, ಬಾಣಂತಿಗೆ ತವರು, ಹೊಸ ಮನೆಗೆ ಗೃಹಪ್ರವೇಶ. ಈ ಶಾಸ್ತ್ರಗಳ ಅರ್ಥ ಏನೇ ಇರಲಿ, ಅವುಗಳಿಂದ ಒಂದು ಉಪಕಾರವಂತೂ ಆಗುತ್ತಿತ್ತು: ಹೊಸಿಲು ದಾಟುವವರು ಒಂಟಿಯಾಗಿ ದಾಟುತ್ತಿರಲಿಲ್ಲ. ಇಂದಿನ ಜೀವನದಲ್ಲಿ ಹೊಸಿಲುಗಳು ಹೆಚ್ಚಿವೆ. ವರ್ಗ, ನಿವೃತ್ತಿ, ಪರಸ್ಥಳದ ವ್ಯಾಸಂಗ, ಊರು ಬಿಟ್ಟು ಮಕ್ಕಳ ಮನೆ ಸೇರುವುದು, ಇವಕ್ಕೆ ಯಾವ ಶಾಸ್ತ್ರವೂ ಇಲ್ಲ. ನಿವೃತ್ತಿಯ ದಿನ ಒಂದು ಹಾರ, ಒಂದು ಶಾಲು, ನಾಲ್ಕು ಭಾಷಣ. ಮರುದಿನ ಬೆಳಗಿನಿಂದ ಆತನಿಗೆ ಆತನೇ ಜೊತೆ.

ಮಾಗಡಿ ತಾಲ್ಲೂಕಿನಲ್ಲಿ ತಿಪ್ಪಸಂದ್ರವೆಂಬ ಹೋಬಳಿಯ ಊರಿದೆ. ಬೆಂಗಳೂರಿನ ಇಂದಿರಾನಗರದ ಮಗ್ಗುಲಲ್ಲಿ ಹೊಸ ತಿಪ್ಪಸಂದ್ರವೆಂಬ ಬಡಾವಣೆಯಿದೆ. ಹೆಸರು ಒಂದೇ ಆದರೂ ಒಂದರ ಬದುಕಿಗೂ ಇನ್ನೊಂದರ ಬದುಕಿಗೂ ಅಜಗಜಾಂತರ. ಮೊದಲನೆಯ ತಿಪ್ಪಸಂದ್ರದಿಂದ ಎರಡನೆಯದಕ್ಕೆ ಮಗನ ಜೊತೆ ಇರಲು ಬಂದ ಒಬ್ಬ ನಿವೃತ್ತ ಮೇಷ್ಟರನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಊರಿನಲ್ಲಿ ಅವರು ಬೀದಿಗಿಳಿದರೆ ಎದ್ದು ನಿಂತು ನಮಸ್ಕರಿಸುವವರು ಹತ್ತು ಜನ. ಇಲ್ಲಿ ಮೂರನೆಯ ಮಹಡಿಯ ಮನೆ. ಎದುರು ಮನೆಯವರ ಹೆಸರು ತಿಳಿಯದು. ಮಗ ಸೊಸೆ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಮನೆಯಲ್ಲಿ ಗಡಿಯಾರದ ಸದ್ದು. ಒಂದು ದಿನ ಬಸ್ಸಿನ ನೂಕುನುಗ್ಗಲಿನಲ್ಲಿ ಅವರಿಗೆ ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡಿತು, ಅಂಗೈ ಬೆವರಿತು, ಉಸಿರು ಸಿಕ್ಕಿಕೊಂಡಿತು, ಇನ್ನು ಮುಗಿಯಿತೆನಿಸಿತು. ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು, ರಕ್ತ ನೋಡಿದರು. ಹೃದಯದಲ್ಲಿ ದೋಷವಿಲ್ಲವೆಂದರು. ಮೇಷ್ಟರಿಗೆ ಸಮಾಧಾನವಾಗುವ ಬದಲು ಹೊಸ ಚಿಂತೆ ಹತ್ತಿತು: "ರೋಗವಿಲ್ಲದಿದ್ದರೆ ನನಗಾದದ್ದೇನು?"

ಆದದ್ದು ಇಷ್ಟೆ. ಅಪಾಯ ಕಂಡಾಗ ಹೋರಾಡುವುದಕ್ಕೋ ಓಡುವುದಕ್ಕೋ ದೇಹ ತಾನಾಗಿ ಸಿದ್ಧವಾಗುತ್ತದೆ ಎಂಬುದನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಹೆಚ್ಚುತ್ತದೆ, ಮಾಂಸಖಂಡಗಳು ಬಿಗಿಯುತ್ತವೆ. ಹುಲಿ ಎದುರಾದರೆ ಇದೇ ಪ್ರಾಣ ಉಳಿಸುವ ಏರ್ಪಾಡು. ಆದರೆ ಎದುರಿಗೆ ಹುಲಿಯಿದೆಯೋ ಅಥವಾ ಕೇವಲ "ಮುಂದೇನು?" ಎಂಬ ಯೋಚನೆಯಿದೆಯೋ ದೇಹಕ್ಕೆ ಬೇಗ ತಿಳಿಯುವುದಿಲ್ಲ. ಎರಡಕ್ಕೂ ಒಂದೇ ನಗಾರಿ.

ಬದಲಾವಣೆ ಯಾವುದಾದರೂ ಮನುಷ್ಯನಿಂದ ಸುಂಕ ಕೇಳುತ್ತದೆ ಎಂಬುದಕ್ಕೆ ಇನ್ನೊಂದು ಆಧಾರವಿದೆ. ಥಾಮಸ್ ಹೋಮ್ಸ್, ರಿಚರ್ಡ್ ರಾಹೆ ಎಂಬ ಇಬ್ಬರು ಅಮೆರಿಕನ್ ವೈದ್ಯರು 1967ರಲ್ಲಿ ಬಾಳಿನ 43 ಘಟನೆಗಳ ಪಟ್ಟಿಯೊಂದನ್ನು ಪ್ರಕಟಿಸಿ, ಒಂದೊಂದಕ್ಕೂ ಹೊಂದಿಕೊಳ್ಳಲು ಎಷ್ಟು ಶ್ರಮವಾಗುವುದೆಂದು ಅಂಕ ಕೊಟ್ಟರು. ಪತಿ ಅಥವಾ ಪತ್ನಿಯ ಮರಣಕ್ಕೆ 100. ಇದರಲ್ಲಿ ಆಶ್ಚರ್ಯವಿಲ್ಲ. ಮದುವೆಗೆ 50, ನಿವೃತ್ತಿಗೆ 45, ಮನೆಗೆ ಹೊಸಬರೊಬ್ಬರು ಸೇರುವುದಕ್ಕೆ 39, ಮಗನೋ ಮಗಳೋ ಮನೆ ಬಿಟ್ಟು ಹೋಗುವುದಕ್ಕೆ 29, ವಾಸಸ್ಥಳದ ಬದಲಾವಣೆಗೆ 20 ಎಂಬುದನ್ನು ಕಂಡಾಗ ಯೋಚಿಸಬೇಕಾಗುತ್ತದೆ. ಸ್ವಂತದ್ದೊಂದು ದೊಡ್ಡ ಸಾಧನೆಗೂ 28 ಅಂಕ! ಅಮೆರಿಕದ ಅಂಕಗಳು ನಮಗೆ ಹಾಗೆ ಹಾಗೆಯೇ ಅನ್ವಯಿಸಲಾರವು. ಆದರೆ ಅದರ ತಿರುಳು ಯಾವ ದೇಶಕ್ಕೂ ಸಲ್ಲುತ್ತದೆ. ನಮ್ಮ ಮೇಷ್ಟರ ತಲೆಯ ಮೇಲೆ ಒಂದೇ ವರ್ಷದಲ್ಲಿ ಎಷ್ಟು ಹೊರೆ ಬಿದ್ದಿತೆಂಬುದನ್ನು ವಾಚಕರೇ ಕೂಡಿಸಿ ನೋಡಬಹುದು.

ಇಲ್ಲಿಯವರೆಗಿನದು ರೋಗವೇನಲ್ಲ. ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಶಮನವಾಗುವ ಕಳವಳ. ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಬಸ್ಸಿನಲ್ಲಿ ಎದೆ ಹೊಡೆದುಕೊಂಡಿತೆಂದು ಮೇಷ್ಟರು ಬಸ್ಸು ಬಿಟ್ಟರು. ಆಮೇಲೆ ಮಾರುಕಟ್ಟೆ ಬಿಟ್ಟರು. ಮಾಗಡಿಯ ಅವರೆಕಾಯಿ ಬಂದಿದೆಯೆಂದು ಸೊಸೆ ಹೇಳಿದರೂ ಕೆಳಗಿಳಿದು ತರಲಿಲ್ಲ. ನೆಂಟರ ಮದುವೆಗೆ ಹೋಗಲಿಲ್ಲ. ಬಿಟ್ಟಾಗಲೆಲ್ಲ ಆ ಗಳಿಗೆಗೆ ಹಾಯೆನಿಸುತ್ತದೆ. ಆದರೆ ಆ ಹಾಯಿಯೇ ಮನಸ್ಸಿಗೆ, "ನೋಡಿದೆಯಾ, ಅಲ್ಲಿ ಅಪಾಯವಿತ್ತು, ತಪ್ಪಿಸಿಕೊಂಡೆ" ಎಂಬ ಸುಳ್ಳು ಪಾಠವನ್ನು ಕಲಿಸುತ್ತದೆ. ಹೀಗೆ ತಪ್ಪಿಸಿಕೊಂಡಷ್ಟೂ ಭಯ ಬಲಿಯುತ್ತದೆ, ಬದುಕು ಕಿರಿದಾಗುತ್ತದೆ. ಮನೋವೈದ್ಯರ ಬಳಿಗೆ ಹೋಗಬೇಕಾದ ಸಮಯ ಇದೇ. ಕಳವಳ ಬಂದಿತೇ ಎಂಬುದು ಅಷ್ಟು ಮುಖ್ಯವಲ್ಲ. ಅದಕ್ಕೆ ಹೆದರಿ ಏನನ್ನು ಬಿಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಹೋದರೆ ಅಲ್ಲಿ ಮಾಡುವುದೇನು? ಮೊದಲು ಕೇಳುತ್ತಾರೆ. ಅಡ್ಡ ಮಾತಿಲ್ಲದೆ, ಬುದ್ಧಿವಾದವಿಲ್ಲದೆ, ಮುಕ್ಕಾಲು ಗಂಟೆ ಒಬ್ಬರು ನಮ್ಮ ಮಾತು ಕೇಳುವುದೇ ಎಷ್ಟೋ ಜನರಿಗೆ ಹೊಸ ಅನುಭವ. ಅನಂತರ ಕೆಲಸ ಆರಂಭ. 1960ರ ದಶಕದಲ್ಲಿ ಅಮೆರಿಕದ ಆರನ್ ಬೆಕ್ ರೂಪಿಸಿದ ವಿಧಾನದಲ್ಲಿ, ಭಯ ಬಂದ ಹೊತ್ತಿನಲ್ಲಿ ಮನಸ್ಸಿನಲ್ಲಿ ಹಾದುಹೋದ ಯೋಚನೆಯನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. "ನಾನು ಇನ್ನು ಯಾರಿಗೂ ಬೇಡ" ಎಂದು ಬರೆದ ಮೇಷ್ಟರನ್ನು, ಹುಡುಗರ ಉತ್ತರಪತ್ರಿಕೆ ತಿದ್ದುವಷ್ಟೇ ನಿಷ್ಠುರವಾಗಿ ಆ ವಾಕ್ಯವನ್ನು ತಿದ್ದಲು ಹೇಳುತ್ತಾರೆ: ಇದಕ್ಕೆ ಆಧಾರವೇನು? ವಿರುದ್ಧವಾದ ಸಾಕ್ಷ್ಯವೇನು? ಇದರ ಜೊತೆಗೆ ಬಿಟ್ಟದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಹಿಡಿಯುವ ಅಭ್ಯಾಸ. ಜೋಸೆಫ್ ವೋಲ್ಪಿ 1958ರ ತಮ್ಮ ಗ್ರಂಥದಲ್ಲಿ ವಿವರಿಸಿದ ಕ್ರಮದಿಂದ ಬೆಳೆದುಬಂದ ರೀತಿ ಇದು. ಮೊದಲ ವಾರ ಬಸ್ ನಿಲ್ದಾಣದವರೆಗೆ ನಡಿಗೆ, ಮುಂದೆ ಮಗನೊಡನೆ ಎರಡು ನಿಲ್ದಾಣ, ಆಮೇಲೆ ಒಬ್ಬರೇ. ಎದೆ ಬಡಿದರೆ ಬಡಿಯಲಿ. ಇಳಿದು ಓಡದೆ ಕುಳಿತಿದ್ದರೆ ಆ ಅಲೆ ಏರಿದಂತೆಯೇ ಇಳಿಯುವುದನ್ನು ಕಣ್ಣಾರೆ ಕಾಣಬಹುದು. ಕೆಲವರಿಗೆ ಕೆಲವು ಕಾಲ ಔಷಧವೂ ಬೇಕಾದೀತು. ಅದನ್ನು ವೈದ್ಯರೇ ನಿರ್ಧರಿಸಬೇಕು. ಅಂಗಡಿಯಲ್ಲಿ ಕೇಳಿ ತಂದ ನಿದ್ರೆ ಗುಳಿಗೆಯೂ ಸಂಜೆಯ ಮದ್ಯವೂ ಭಯವನ್ನು ಕಳೆಯುವುದಿಲ್ಲ, ಮುಂದೂಡುತ್ತವೆ.

ಇಷ್ಟು ಹೇಳಿದರೂ ಒಂದು ಅಡ್ಡಿ ಉಳಿದೇ ಇದೆ: ನಾಲ್ಕು ಜನ ಏನಂದಾರು? "ಹುಚ್ಚರ ಆಸ್ಪತ್ರೆ"ಯೆಂಬ ಮಾತು ನಮ್ಮ ನಾಲಿಗೆಯಿಂದ ಇನ್ನೂ ಹೋಗಿಲ್ಲ. ಆ ಹೆಸರನ್ನು ಕಳೆಯಲು ನಮ್ಮ ನಾಡಿನವರೇ ಪಟ್ಟ ಪ್ರಯತ್ನ ಕಡಿಮೆಯದಲ್ಲ. ಬೆಂಗಳೂರಿನ ಹಳೆಯ ಹುಚ್ಚರ ಶಾಲೆ 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆಯಿತು. ಅದಕ್ಕೆ ಹೊಂದಿಕೊಂಡು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು, ಡಾಕ್ಟರ್ ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷವೇ ಅಲ್ಲಿ ಮನೋವೈದ್ಯರಿಗೂ ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೂ ತರಬೇತಿ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. "ಕೊರವಂಜಿ"ಯ ಮೂಲಕ ನಾಡನ್ನು ನಗಿಸಿದ ರಾಶಿಯವರು, ಅಂದರೆ ಡಾಕ್ಟರ್ ಎಂ. ಶಿವರಾಂ, ವೃತ್ತಿಯಿಂದ ವೈದ್ಯರು; ಮನಸ್ಸಿನ ವಿಚಾರವನ್ನು ಕನ್ನಡದಲ್ಲಿಯೇ ಹೇಳಿದ ಅವರ "ಮನಮಂಥನ"ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನಸ್ಸಿನ ಚಿಕಿತ್ಸೆ ಪರದೇಶದಿಂದ ನಿನ್ನೆ ಬಂದ ಷೋಕಿಯೆಂದು ಹೇಳುವವರಿಗೆ ಇದು ಉತ್ತರವಾದೀತು. ರೋಗಿಯ ಸಂಗತಿಯನ್ನು ಗುಟ್ಟಾಗಿಡಬೇಕೆಂಬುದು 2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿಯೇ ಇದೆ.

ಎಲ್ಲಿಗೆ ಹೋಗುವುದು? ಮೊದಲು ಕುಟುಂಬದ ವೈದ್ಯರಲ್ಲಿಗೆ. ಥೈರಾಯ್ಡ್ ಗ್ರಂಥಿಯ ಏರುಪೇರು, ರಕ್ತಹೀನತೆ, ಹೃದಯದ ತೊಂದರೆ ಇವೂ ಎದೆಬಡಿತವನ್ನು ತರಬಲ್ಲವಾದ್ದರಿಂದ ಅವುಗಳ ಪರೀಕ್ಷೆ ಅವಶ್ಯ. ಅಲ್ಲಿಂದ ಮನೋವೈದ್ಯರು ಅಥವಾ ಚಿಕಿತ್ಸಾ ಮನಶ್ಶಾಸ್ತ್ರಜ್ಞರು. ಮನೋವೈದ್ಯರು ವೈದ್ಯ ಪದವೀಧರರು, ಔಷಧ ಬರೆಯಬಲ್ಲರು. ಮನಶ್ಶಾಸ್ತ್ರಜ್ಞರು ಮಾತಿನಿಂದಲೂ ಅಭ್ಯಾಸದಿಂದಲೂ ಚಿಕಿತ್ಸೆ ಮಾಡುವವರು. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಊರಿನಲ್ಲಿಯೇ ಇರುವವರು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ವಿಚಾರಿಸಬಹುದು. ಯಾವುದಕ್ಕೂ ಮನಸ್ಸು ಏಳದಿದ್ದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಿದೆ. 14416ಕ್ಕೆ ಹಗಲಾಗಲಿ ಇರುಳಾಗಲಿ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕುವುದೇ ಬೇಡವೆಂಬ ಮಾತು ಯಾರ ಬಾಯಿಂದಾದರೂ ಬಂದರೆ ಒಂದು ದಿನವೂ ಕಾಯಬಾರದು. ಅಂಥವರನ್ನು ಒಂಟಿಯಾಗಿ ಬಿಡಲೂ ಬಾರದು.

ಕೊನೆಯದಾಗಿ ಮನೆಯವರಿಗೆ ಒಂದು ಮಾತು. "ಸುಮ್ಮನೆ ಯೋಚನೆ ಮಾಡಬೇಡಿ ಮಾವ, ರಾಮ ರಾಮ ಅನ್ನುತ್ತ ಆರಾಮವಾಗಿರಿ" ಎಂದು ಸೊಸೆ ಹೇಳುವುದು ಪ್ರೀತಿಯಿಂದಲೇ. ಆದರೆ ಕೇಳುವವರ ಕಿವಿಗೆ ಅದು "ನಿಮ್ಮ ಕಷ್ಟ ಕಷ್ಟವೇ ಅಲ್ಲ" ಎಂದು ಕೇಳಿಸುತ್ತದೆ. ಅದಕ್ಕೆ ಬದಲು, "ಬುಧವಾರ ನಾನು ರಜೆ ಹಾಕುತ್ತೇನೆ ಮಾವ, ಇಬ್ಬರೂ ಹೋಗಿ ಡಾಕ್ಟರನ್ನು ಕಂಡು ಬರೋಣ, ಬರುವಾಗ ಬಸ್ಸಿನಲ್ಲಿಯೇ ಬರೋಣ" ಎಂದರೆ ಅರ್ಧ ಚಿಕಿತ್ಸೆ ಮನೆಯಲ್ಲಿಯೇ ಆದಂತೆ. ಅಕ್ಕಿಯ ಸೇರು ಇಟ್ಟು, ಆರತಿ ಎತ್ತಿ, ಕೈಹಿಡಿದು ಒಳಗೆ ಕರೆದುಕೊಳ್ಳುವುದು ಹೊಸ ಸೊಸೆಗೆ ಮಾತ್ರ ಮೀಸಲೆಂದು ಯಾರು ಹೇಳಿದರು? ಹೊಸದಾಗಿ ಮನೆಗೆ ಬಂದ ಮುದುಕರಿಗೂ ಅದರ ಅಗತ್ಯ ಅಷ್ಟೇ ಇದೆ.