ಕೌರವನ ಕಂದ, ಗೋಲಿ ಸೋಡ

ಸಂಕ್ರಾಂತಿ ಕಳೆದು, ಒಕ್ಕಣೆಯ ಕಣಗಳು ಬರಿದಾಗುವ ವೇಳೆಗೆ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ಸೀಮೆಯ ಹಳ್ಳಿಗಳಲ್ಲಿ ಒಂದು ಪ್ರಶ್ನೆ ಕೇಳಿಬರತೊಡಗುತ್ತದೆ: "ಈ ಸಲ ಕೌರವನ ಪಾರ್ಟು ಯಾರ್ದು?" ಕುರುಕ್ಷೇತ್ರದಲ್ಲಿ ಗೆದ್ದವರಾರು, ಸೋತವರಾರು ಎಂಬುದನ್ನು ಈ ಪ್ರಶ್ನೆ ಕೇಳಿದವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣನ ಸಂಧಾನ ಮುರಿದುಬೀಳುವುದೂ, ಕಡೆಯಲ್ಲಿ ಯಾರ ತೊಡೆ ಮುರಿಯುತ್ತದೆಂಬುದೂ ಅವನಿಗೆ ತೊಟ್ಟಿಲಲ್ಲಿದ್ದಾಗಲೇ ತಿಳಿದಿದೆ. ಆದರೂ ಅವನು ಚಾಪೆ ಕಂಬಳಿಗಳನ್ನು ಹೊತ್ತು, ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಹೋಗಿ, ಬೆಳಕು ಹರಿಯುವವರೆಗೆ ಮಂಜಿನಲ್ಲಿ ಕುಳಿತಿರುತ್ತಾನೆ. ಅವನು ಹೋಗುವುದು ಕಥೆಗಾಗಿ ಅಲ್ಲ, ಕಂದ ಕೇಳುವುದಕ್ಕಾಗಿ. ತಾಳದ ಹಂಗಿಲ್ಲದೆ, ರಾಗವಾಗಿ ಎಳೆದೆಳೆದು ಹಾಡುವ ಆ ಪದ್ಯದ ಕೊನೆಯ ಸಾಲನ್ನು ಈ ವರ್ಷದ ಕೌರವ ಎಲ್ಲಿಗೆ ಏರಿಸಿ ಎಲ್ಲಿ ಇಳಿಸುತ್ತಾನೆ, ಹೋದ ವರ್ಷದವನಿಗಿಂತ ಒಂದು ಕೈ ಮೇಲೋ ಕೆಳಗೋ ಎಂಬುದೇ ಆ ರಾತ್ರಿಯ ಮುಖ್ಯ ವಿಚಾರ.

ಪಟ್ಟಣದ ವಿದ್ಯಾವಂತರು ಇಂಥ ಪೌರಾಣಿಕ ನಾಟಕಗಳನ್ನು ಕಂಡು ಮುಗುಳ್ನಗುವುದುಂಟು. ಭೀಮನ ಕೈಯಲ್ಲಿ ಗಡಿಯಾರವಿತ್ತು, ದ್ರೌಪದಿ ತೆರೆಯ ಮರೆಯಲ್ಲಿ ಚಹ ಕುಡಿಯುತ್ತಿದ್ದಳು ಎಂದು ಕಥೆ ಕಟ್ಟಿ ಹೇಳುವವರೇ ಬಹಳ. ಅವರು ಗಮನಿಸದ ಒಂದು ಸಂಗತಿಯಿದೆ. ನಗರದ ನಾಟಕಗಳಿಗೆ ನಟನನ್ನು ಹಣ ಕೊಟ್ಟು ಕರೆತರಬೇಕು, ಇಲ್ಲವೇ ಅನುದಾನಕ್ಕೆ ಅರ್ಜಿ ಹಾಕಬೇಕು. ಇಲ್ಲಿ ನಟನೇ ಹಣ ಕೊಡುತ್ತಾನೆ. ಪಾತ್ರಕ್ಕೆ ಇಷ್ಟೆಂದು ಊರ ಮಂಡಳಿಯವರು ಗೊತ್ತುಮಾಡುತ್ತಾರೆ. ಕೌರವನಿಗೂ ಕೃಷ್ಣನಿಗೂ ಹೆಚ್ಚು, ಭೀಮ ಕರ್ಣರಿಗೆ ಅದಕ್ಕಿಂತ ಕಡಮೆ, ವಿದುರನಿಗೂ ಸೈಂಧವನಿಗೂ ಇನ್ನೂ ಕಡಮೆ. ಕೃಷ್ಣನ ಪಾರ್ಟಿಗೆ ಮೂವರು ಹಟ ಹಿಡಿದರೆ ಮೂವರಿಗೂ ಹಂಚುತ್ತಾರೆ. ಶಯನಗೃಹದಲ್ಲಿ ಒಬ್ಬ ಕೃಷ್ಣ ಎದ್ದು ಕುಳಿತರೆ, ಸಂಧಾನಕ್ಕೆ ಹೋಗುವವನು ಇನ್ನೊಬ್ಬ, ರಥದ ಮೇಲೆ ಕಾಣಿಸುವವನು ಮತ್ತೊಬ್ಬ. ಪ್ರೇಕ್ಷಕರಿಗೆ ಇದರಿಂದ ಯಾವ ಗೊಂದಲವೂ ಆಗುವುದಿಲ್ಲ. ಅವತಾರಗಳನ್ನು ನಂಬಿದ ಜನಕ್ಕೆ ಮೂವರು ಕೃಷ್ಣರು ಯಾವ ಲೆಕ್ಕ?

ಪಾತ್ರ ಹಂಚಿಕೆಯಾದ ಮೇಲೆ ನಾಟಕದ ಮೇಷ್ಟ್ರು ಬರುತ್ತಾರೆ. ಹಾರ್ಮೋನಿಯಂ ಪೆಟ್ಟಿಗೆ, ಹಾಳೆಗಳ ಅಂಚು ಸವೆದ ಒಂದು ನೋಟ್ ಪುಸ್ತಕ, ಎಲೆಯಡಿಕೆಯ ಚೀಲ, ಇಷ್ಟೇ ಅವರ ಸಂಪತ್ತು. ಹಗಲೆಲ್ಲ ಗದ್ದೆಯಲ್ಲಿ ದುಡಿದ ಹುಡುಗರು ರಾತ್ರಿ ದೇವಸ್ಥಾನದ ಜಗಲಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ಅವರ ಮುಂದೆ ಕೂರುತ್ತಾರೆ. ಸ್ವರಜ್ಞಾನವಿಲ್ಲದವನಿಗೆ ಸ್ವರ, ಮಾತು ತೊದಲುವವನಿಗೆ ಮಾತು, ಎರಡನ್ನೂ ತಿಂಗಳುಗಟ್ಟಲೆ ತಿದ್ದುತ್ತಾರೆ. "ಲೇ, ನೀನು ಹಸ್ತಿನಾವತಿಯ ದೊರೆ ಕಣೋ, ಎಮ್ಮೆ ಕೂಗ್ದಂಗೆ ಕೂಗ್ಬೇಡ" ಎಂದು ಗದರುವ ಮೇಷ್ಟ್ರ ಮಾತನ್ನು, ಪಂಚಾಯ್ತಿಯ ಅಧ್ಯಕ್ಷನಾಗಿರಲಿ, ಊರಿನ ಗೌಡನ ಮಗನಾಗಿರಲಿ, ತಲೆ ತಗ್ಗಿಸಿ ಕೇಳಬೇಕು. ಹಳ್ಳಿಯಲ್ಲಿ ಅಷ್ಟು ನಿರ್ಭಯವಾಗಿ ಗದರಬಲ್ಲವರು ಬೇರೆ ಯಾರಿದ್ದಾರೆ?

ಈ ನಾಟಕ ಹಳ್ಳಿಯಲ್ಲೇ ಹುಟ್ಟಿದ್ದಲ್ಲ. 1884ರಲ್ಲಿ ಗುಬ್ಬಿಯಲ್ಲಿ ಆರಂಭವಾದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ, ವೀರಣ್ಣನವರ ಕಾಲದಲ್ಲಿ ನಾಡಿನ ಮನೆಮಾತಾಯಿತು. 1934ರಲ್ಲಿ ಅವರು ಬೆಂಗಳೂರಿನಲ್ಲಿ 'ಕುರುಕ್ಷೇತ್ರ'ವನ್ನು ಆಡಿಸಿದಾಗ ನಿಜವಾದ ಆನೆ ಕುದುರೆಗಳು ರಂಗಕ್ಕೆ ಬಂದವು. ಅಂಥ ವೈಭವವನ್ನು ಕಂಡು ಬಂದವರೂ, ಕಂಪನಿಗಳಲ್ಲಿ ಕೆಲಸ ಮಾಡಿ ಊರಿಗೆ ಮರಳಿದವರೂ ಆ ಮಟ್ಟುಗಳನ್ನು ಹಳ್ಳಿಗೆ ತಂದರು. ನಂಜನಗೂಡಿಗೆ 1891ರಲ್ಲೇ ಮೈಸೂರಿನಿಂದ ರೈಲು ಬಂದಿತ್ತು. ಕಪಿಲೆಯ ತೀರದಲ್ಲಿ ಪಂಚರಥಗಳ ದೊಡ್ಡ ಜಾತ್ರೆ ನಡೆಯುವ ಊರದು. ಜನ ಸೇರುವ ಕಡೆ ನಾಟಕವೂ ಬರುತ್ತದೆ. ನರಸೀಪುರಕ್ಕೆ ಇಂದಿಗೂ ರೈಲಿಲ್ಲ. ಆದರೆ ಕೊಳ್ಳೇಗಾಲದ ಸೀಮೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರಂಥ ಗಂಡುಪಾತ್ರಧಾರಿಯನ್ನು ರಂಗಭೂಮಿಗೆ ಕೊಟ್ಟಿತು. ಅವರ ಮಗ, ಅದೇ ಗುಬ್ಬಿ ಕಂಪನಿಯಲ್ಲಿ ಪಳಗಿ, 1954ರ 'ಬೇಡರ ಕಣ್ಣಪ್ಪ'ದಿಂದ ರಾಜಕುಮಾರ್ ಆದರು. ಮಳವಳ್ಳಿ ಸುಂದರಮ್ಮನವರ ಊರೂ ಹತ್ತಿರದ್ದೇ. ಈ ನೀರಿನಲ್ಲಿ ಏನೋ ಇದೆ ಎಂದು ಹಳಬರು ಹೇಳುವ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಇನ್ನು ಕಂಠದ ಮಾತು. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ಕಡೆಯ ಸಾಲಿನ ಮುದುಕಿಗೂ ಕೇಳುವಂತೆ ಹಾಡುವವನೇ ನಟ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರಿಗೂ ಕಾಡಿದ್ದು ಇದೇ ತೊಡಕು. ಕಚೇರಿಯ ಹಿಂದಿನ ಸಾಲಿಗೆ ನಾದ ಮುಟ್ಟಬೇಕೆಂದು ಅವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಬಿಗಿದು ಏಳಾಗಿಸಿದರು. ಕೌರವನ ಪಾರ್ಟಿನವನಿಗೆ ಬಿಗಿಯಲು ಬೇರೆ ತಂತಿಯಿಲ್ಲ. ಇರುವ ಒಂದು ಗಂಟಲನ್ನೇ ಏಳಾಗಿಸಬೇಕು. ಈಗ ಮೇಲಿನಿಂದ ಮೈಕುಗಳು ಸಾಲಾಗಿ ತೂಗುತ್ತವೆ, ಹಾರ್ಮೋನಿಯಂ ಪಕ್ಕದಲ್ಲಿ ಕೀಬೋರ್ಡು ಬಂದು ಕುಳಿತಿದೆ. ಇದರಿಂದ ಹಾಡಿಕೆ ಸುಲಭವಾಯಿತೆಂಬುದು ನಿಜ, ಸೊಗಸಾಯಿತೆಂದು ಹೇಳುವುದು ಕಷ್ಟ. ನಟರೆಲ್ಲ ಮೈಕಿನ ಕೆಳಗೆ ಬಂದು ನಿಂತೇ ಮಾತಾಡಬೇಕಾದ್ದರಿಂದ ಪಾಂಡವರೂ ಕೌರವರೂ ಒಂದೇ ಕೊಡೆಯ ಕೆಳಗೆ ಮಳೆಗೆ ಸಿಕ್ಕಿಕೊಂಡವರಂತೆ ತೋರುತ್ತಾರೆ.

ಒಳ್ಳೆಯ ಕಂದ ಮುಗಿದಾಗ "ವನ್ಸ್ ಮೋರ್" ಎಂಬ ಕೂಗು ಏಳುತ್ತದೆ. ಈ ಇಂಗ್ಲಿಷ್ ಮಾತು ಎಂದೋ ಹಳ್ಳಿಯ ಸ್ವತ್ತಾಗಿದೆ. ಕೂಗಿಗೆ ಓಗೊಟ್ಟು, ಸತ್ತು ಬಿದ್ದ ಪಾತ್ರಧಾರಿ ಎದ್ದು ನಿಂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಕಥೆಗಳು ಕಂಪನಿ ನಾಟಕ ಕಂಡ ಊರೂರಿನಲ್ಲೂ ಉಂಟು. ಅಷ್ಟರಲ್ಲೇ ಕೌರವನ ಭಾವಮೈದುನ ಹಾರ ಹಿಡಿದು ರಂಗವೇರುತ್ತಾನೆ. ಹಿಂದೆಯೇ ಅತ್ತೆ ಮಾವ, ಸ್ನೇಹಿತರ ಬಳಗ. ಉರಿಗಣ್ಣಿನ ಚಕ್ರವರ್ತಿ ಒಂದು ಗಳಿಗೆ ವಿನೀತನಾಗಿ ಕೊರಳೊಡ್ಡಿ, ಎದೆಗೆ ನೋಟು ಚುಚ್ಚಿಸಿಕೊಂಡು, ಅವರು ಇಳಿದೊಡನೆ ಮತ್ತೆ ಉರಿಗಣ್ಣನಾಗುತ್ತಾನೆ.

ಪುರಾಣದಲ್ಲಿ ದುಷ್ಟನೆನಿಸಿಕೊಂಡವನ ಪಾತ್ರಕ್ಕೆ ಇಷ್ಟು ಬೇಡಿಕೆ ಏಕೆ ಎಂದು ಹೊಸಬರು ಕೇಳಬಹುದು. ಕನ್ನಡಿಗರಿಗೆ ಈ ಚಟ ಹತ್ತಿ ಸಾವಿರ ವರ್ಷವಾಯಿತು. ರನ್ನ 'ಗದಾಯುದ್ಧ'ದಲ್ಲಿ ದುರ್ಯೋಧನನ ಛಲಕ್ಕೂ ಶೋಕಕ್ಕೂ ಕೊಟ್ಟ ಘನತೆಯನ್ನು ಕಾಲೇಜಿನಲ್ಲಿ ಪಾಠವಾಗಿ ಓದುತ್ತಾರೆ. ರನ್ನನ ಹೆಸರನ್ನೇ ಕೇಳದ ರೈತ ಅದನ್ನು ಕಂಠದಲ್ಲಿ ಹಿಡಿಯುತ್ತಾನೆ.

ಇಂಥ ರಾತ್ರಿಗೆ ತಕ್ಕ ಪಾನೀಯವೂ ಒಂದುಂಟು. ಹೆಂಡದ ನೆನಪಾದವರು ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ತೆಗೆದು ಓದಿಕೊಳ್ಳಬಹುದು; ಕುಡುಕನ ಬಾಯಲ್ಲಿ ಅಷ್ಟು ಪದ ಹಾಡಿಸಿದ ಕವಿಗಳು ತಾವು ಕುಡಿದವರಲ್ಲ. ಇಲ್ಲಿ ಹೇಳಹೊರಟದ್ದು ಗೋಲಿ ಸೋಡದ ಮಾತು. ರಂಗಕ್ಕೆ ಅನತಿದೂರದಲ್ಲಿ, ಕಡಲೆಕಾಯಿ ಬೋಂಡಗಳ ಅಂಗಡಿಗಳ ನಡುವೆ, ಸೋಡದ ಗಾಡಿ ನಿಂತಿರುತ್ತದೆ. ದ್ರೌಪದಿಯ ಮೊರೆ ಕರುಣಾಜನಕವಾಗಿ ಏರುತ್ತಿರುವಾಗಲೇ ಎಲ್ಲೋ ಒಂದು ಬಾಟಲಿಯ ಗೋಲಿ 'ಕೀಂಯ್' ಎಂದು ಒಳಗೆ ಬೀಳುತ್ತದೆ. ಯಾರೂ ಸಿಡುಕುವುದಿಲ್ಲ, ಅದೂ ಹಿನ್ನೆಲೆ ಸಂಗೀತದ ಒಂದು ಅಂಗವೆಂದೇ ಜನ ಒಪ್ಪಿಕೊಂಡಿದ್ದಾರೆ.

ಆ ಬಾಟಲಿಯ ಕಲ್ಪನೆ ಹೈರಮ್ ಕಾಡ್ ಎಂಬ ಆಂಗ್ಲನದು. 1872ರಲ್ಲಿ ಅವನು ಅದಕ್ಕೆ ಹಕ್ಕುಪತ್ರ ಪಡೆದ. ಕತ್ತಿನೊಳಗೆ ಒಂದು ರಬ್ಬರ್ ಬಳೆ, ಅದರ ಕೆಳಗೆ ಗಾಜಿನ ಗೋಲಿ. ಬಾಟಲಿಯನ್ನು ತಲೆಕೆಳಗು ಮಾಡಿ ನೀರನ್ನೂ ಅನಿಲವನ್ನೂ ಒತ್ತಡದಿಂದ ತುಂಬಿದರೆ, ಆ ಒತ್ತಡವೇ ಗೋಲಿಯನ್ನು ಬಳೆಗೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಬಿರಡೆಯೂ ಬೇಡ, ಅಂಟೂ ಬೇಡ. ಕುಡಿಯುವುದಕ್ಕೂ ಒಂದು ಜಾಣ್ಮೆ ಬೇಕು. ಕತ್ತಿನ ತಗ್ಗುಗಳಿರುವ ಮಗ್ಗುಲನ್ನು ಕೆಳಗೆ ಮಾಡಿ ಹಿಡಿದರೆ ಗೋಲಿ ಅಲ್ಲೇ ತಡೆದು ನಿಲ್ಲುತ್ತದೆ. ತಿರುಗಿಸಿ ಹಿಡಿದವನಿಗೆ ಗೋಲಿ ಬಾಯಿಗೆ ಅಡ್ಡ ಬಂದು ಹನಿಯೂ ಸಿಕ್ಕದು. ಪಟ್ಟಣದಿಂದ ಬಂದ ನೆಂಟನನ್ನು ಗುರುತಿಸಲು ಹಳ್ಳಿಯ ಹುಡುಗರಿಗೆ ಇಷ್ಟು ಸಾಕು. ಲೋಹದ ಮುಚ್ಚಳ ಬಂದ ಮೇಲೆ ಕಾಡನ ಬಾಟಲಿ ಅವನ ದೇಶದಲ್ಲೇ ಮರೆಯಾಯಿತು. ಜಪಾನಿನಲ್ಲಿ 'ರಾಮುನೆ' ಎಂಬ ಪಾನೀಯಕ್ಕೂ, ಭಾರತದಲ್ಲಿ ಸೋಡಕ್ಕೂ ಉಳಿದುಕೊಂಡಿತು.

ಒಂದು ಕೋಣೆ, ಒಂದು ತಿರುಗಿಸುವ ಯಂತ್ರ, ಒಂದು ಅನಿಲದ ಸಿಲಿಂಡರು, ಕೆಲವು ಮರದ ಪೆಟ್ಟಿಗೆಗಳು: ಸೋಡ ಕಾರ್ಖಾನೆಯೆಂದರೆ ಇಷ್ಟೇ. ನಿಂಬೆ ಉಪ್ಪಿನದು, ಶುಂಠಿಯದು, ಪನ್ನೀರಿನದು ಎಂದು ಬಗೆಗಳು. ಹದ ಮಾತ್ರ ಮಾಡುವವನ ಕೈಯದು. ಈ ಊರಿನ ಶುಂಠಿ ಗಂಟಲಿಗೆ ಚುಚ್ಚಿದರೆ ಆ ಊರಿನದು ಮೂಗಿಗೇರುತ್ತದೆ. ಕೋಕಾ ಕೋಲಾ 1977ರಲ್ಲಿ ದೇಶ ಬಿಟ್ಟು 1993ರಲ್ಲಿ ಹಿಂತಿರುಗಿತು. ಅಂದಿನಿಂದ ಎಲ್ಲ ಊರಿಗೂ ಒಂದೇ ರುಚಿ ಹಂಚುವ ಲಾರಿಗಳು ಹೆಚ್ಚಿದವು, ಮರದ ಪೆಟ್ಟಿಗೆಗಳು ಅಟ್ಟ ಸೇರತೊಡಗಿದವು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲೇ ಇಂದು ಥಟ್ಟನೆ ಕರಗುವ ಕಾಫಿಯ ಪುಡಿಯೂ ಬಿಯರೂ ಅಪಾರ ಪ್ರಮಾಣದಲ್ಲಿ ತಯಾರಾಗುತ್ತವೆ. ಅವುಗಳಲ್ಲಿ ದೋಷವಿದೆಯೆಂದಲ್ಲ, ಅವು ನಂಜನಗೂಡಿನವೆಂದು ನಾಲಗೆಗೆ ತಿಳಿಯುವುದಿಲ್ಲ, ಅಷ್ಟೆ.

ಈ ಕೊರತೆಯನ್ನು ದೊಡ್ಡ ದೇಶಗಳೂ ಅನುಭವಿಸಿವೆ. ಇಂಗ್ಲೆಂಡಿನ ನಾಲ್ವರು ತರುಣರು, ತಮ್ಮ ನಾಡಿನ ಬಿಯರೆಲ್ಲ ದೊಡ್ಡ ಕಂಪನಿಗಳ ಕೈಗೆ ಸಿಕ್ಕಿ ಸಪ್ಪೆಯಾಯಿತೆಂದು ನೊಂದು, 1971ರಲ್ಲಿ ಒಂದು ಚಳವಳಿಯನ್ನೇ ಹೂಡಿದರು. ಬಿಯರಿಗೊಂದು ಸತ್ಯಾಗ್ರಹವೇ ಎಂದು ನಗು ಬರಬಹುದು; ಅದು ಫಲ ಕೊಟ್ಟಿತು. ಬೆಂಗಳೂರಿನಲ್ಲೂ 2010ರ ಆಸುಪಾಸಿನಿಂದ ಅಂಗಡಿಯೊಳಗೇ ಬಿಯರು ತಯಾರಿಸಿ ಬಡಿಸುವವರು ಹುಟ್ಟಿಕೊಂಡಿದ್ದಾರೆ. ಬಾಸುಮತಿ ಅಕ್ಕಿಯದು, ಮಾವಿನದು ಎಂದು ಹೊಸ ಹೊಸ ಬಗೆ ತೆಗೆಯುತ್ತಾರೆ, ಕುಡಿಯುವವರು ಇದರ ಹದ ಅದರ ಹದವೆಂದು ಗಂಭೀರವಾಗಿ ಚರ್ಚಿಸುತ್ತಾರೆ. ಗಾಡಿಯ ಮುಂದೆ ನಿಂತು ಶುಂಠಿಯ ಖಾರವನ್ನು ತೂಗುವ ರೈತನಿಗೆ ಆ ಚರ್ಚೆ ಅಪರಿಚಿತವೆನಿಸದು.

ನಾಟಕದ ಹುಚ್ಚಿಗೂ ಹೊರಗೆ ಜೋಡಿಯುಂಟು. 1973ರಲ್ಲಿ ಲಂಡನ್ನಿನ ಒಂದು ಪುಟ್ಟ ರಂಗಮಂದಿರದಲ್ಲಿ 'ರಾಕಿ ಹಾರರ್ ಷೋ' ಎಂಬ ಸಂಗೀತ ನಾಟಕ ಆರಂಭವಾಯಿತು. 1975ರಲ್ಲಿ ಅದು ಸಿನಿಮಾ ಆಗಿ ಮೊದಲು ಸೋತಿತು. ಮರುವರ್ಷ ನ್ಯೂಯಾರ್ಕಿನಲ್ಲಿ ಅದನ್ನು ನಡುರಾತ್ರಿಯ ಆಟವಾಗಿ ತೋರಿಸತೊಡಗಿದಾಗ, ಅದೇ ಜನ ಮತ್ತೆ ಮತ್ತೆ ಬಂದರು. ಪಾತ್ರಗಳಂತೆ ವೇಷ ತೊಟ್ಟರು, ತೆರೆಯ ಮಾತಿಗೆ ಎದುರು ಮಾತು ಕೂಗಿದರು, ಮದುವೆಯ ದೃಶ್ಯ ಬಂದೊಡನೆ ಅಕ್ಕಿ ಎರಚಿದರು. ಅಮೆರಿಕದವರು ಇದನ್ನು ಬೆರಗಿನಿಂದ ಬಣ್ಣಿಸುತ್ತಾರೆ. ನರಸೀಪುರದ ಅಜ್ಜಿಗೆ ಹೇಳಿದರೆ, ಮದುವೆಯಲ್ಲಿ ಅಕ್ಷತೆ ಹಾಕದೆ ಸುಮ್ಮನೆ ಕೂತಿರುತ್ತಾರೆಯೇ ಎಂದಾಳು.

ಆದರೆ ಸಿನಿಮಾದ ಸುರುಳಿ ಪ್ರತಿ ರಾತ್ರಿಯೂ ಒಂದೇ. ಕೌರವ ಹಾಗಲ್ಲ. ಅವನಿಗೆ ಸಾಲವಿದೆ, ಶೀತವಿದೆ, ಎದುರಿಗೆ ಕುಳಿತ ಹೆಂಡತಿಯ ಕಣ್ಣಿದೆ. ಪಾತ್ರದ ಹಣ, ವೇಷದ ಬಾಡಿಗೆ, ನೆಂಟರಿಗೆ ಊಟ ಎಲ್ಲ ಸೇರಿ ಒಂದು ರಾತ್ರಿಗೆ ಬೆಳೆಯ ಒಂದು ಪಾಲೇ ಕರಗುವುದುಂಟು. ಮಗಳ ಶಾಲೆಯ ಶುಲ್ಕ ಬಾಕಿಯಿರುವಾಗ ಕಿರೀಟವೇಕೆ ಎಂದು ಮನೆಯಲ್ಲಿ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಅವನಲ್ಲಿ ಸರಿಯಾದ ಉತ್ತರವೂ ಇಲ್ಲ. ಮುನ್ನೂರ ಅರವತ್ತನಾಲ್ಕು ದಿನ ಇನ್ನೊಬ್ಬರ ಮುಂದೆ ಕೈಕಟ್ಟಿ ನಿಲ್ಲುವವನು ಒಂದು ರಾತ್ರಿ ಊರಿನ ಮುಂದೆ ತಲೆಯೆತ್ತಿ ಕಂದ ಹಾಡಿದ್ದನ್ನು ಯಾವ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು? ಹೆಂಗಸರ ವಿಷಯದಲ್ಲಿ ಈ ರಂಗ ಇನ್ನೂ ಹಿಂದೆಯೇ ಇದೆ. ದ್ರೌಪದಿ ಕುಂತಿಯರನ್ನು ಮೈಸೂರು ಮಂಡ್ಯಗಳಿಂದ ಸಂಬಳ ಕೊಟ್ಟು ಕರೆಸುತ್ತಾರೆ. ಊರಿನ ಹೆಣ್ಣುಮಗಳು ಬಣ್ಣ ಹಚ್ಚುವುದು ಅಪರೂಪ. ಬರುವ ಕಲಾವಿದೆಯರೇ ಹಲವು ವೇಳೆ ಗಂಡು ಪಾತ್ರಧಾರಿಯ ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಟ್ಟು ಆಟವನ್ನು ದಡ ಸೇರಿಸುತ್ತಾರೆ.

ಮೇಷ್ಟ್ರ ನೋಟ್ ಪುಸ್ತಕದಲ್ಲಿ ಸಾಹಿತ್ಯವಿದೆ, ರಾಗದ ಹೆಸರೂ ಇರಬಹುದು. ಆದರೆ ಕಂದದ ಯಾವ ಅಕ್ಷರದಲ್ಲಿ ಉಸಿರು ನಿಲ್ಲಿಸಿ ಯಾವುದರಲ್ಲಿ ಬಿಡಬೇಕು ಎಂಬುದು ಅಲ್ಲಿಲ್ಲ. ಅದು ಅವರ ಗಂಟಲಿನಲ್ಲಿದೆ. ಮೊಬೈಲಿನಲ್ಲಿ ಹಾಡು ಹಿಡಿದುಕೊಂಡು ಕಲಿಯುವ ಹುಡುಗರು ಬಂದಿದ್ದಾರೆ. ಅವರಿಗೆ ಮಟ್ಟು ಬೇಗ ಬರುತ್ತದೆ, ಗದರಿಕೆ ಮಾತ್ರ ಸಿಕ್ಕುವುದಿಲ್ಲ. ಮೇಷ್ಟ್ರ ಪೆಟ್ಟಿಗೆಯ ಪಕ್ಕದಲ್ಲಿ ಕುಳಿತು ತಿದಿ ಒತ್ತುತ್ತ ಕಲಿಯುವ ಶಿಷ್ಯರು ಮೊದಲಿನಷ್ಟಿಲ್ಲ.

ಬೆಳಗಿನ ಜಾವ ತೊಡೆ ಮುರಿದು ಮಂಗಳ ಹಾಡುತ್ತಾರೆ. ಸೋಡದವನು ಖಾಲಿ ಬಾಟಲಿಗಳನ್ನು ಎಣಿಸಿ ಪೆಟ್ಟಿಗೆಗೆ ತುಂಬುತ್ತಾನೆ. ಒಂದು ಕಡಮೆಯಾದರೂ ಹುಡುಗರ ಚಾಪೆ ಕೊಡವಿಸಿ ನೋಡುತ್ತಾನೆ, ಗೋಲಿಯ ಆಸೆಗೆ ಬಾಟಲಿ ಒಡೆಯುವವರು ಇದ್ದೇ ಇರುತ್ತಾರೆ. ಮೇಷ್ಟ್ರಿಗೆ ಶಾಲು ಹೊದಿಸಿ ಫಲತಾಂಬೂಲ ಕೊಡುತ್ತಾರೆ. ಅವರು ಪೆಟ್ಟಿಗೆಯ ಬೀಗ ಹಾಕಿ, ಎಲೆಯಡಿಕೆ ಮೆಲ್ಲುತ್ತ ಮೊದಲ ಬಸ್ಸಿಗೆ ನಿಲ್ಲುತ್ತಾರೆ. ಮುಂದಿನ ಊರಿನ ಕೌರವನಿಗೆ ಇನ್ನೂ ಮೊದಲ ಕಂದವೇ ಬಂದಿಲ್ಲ.