ಬಾರದ ಗೆಳತಿಯ ಜಾಗ ಹಾಗೇ ಇರಲಿ

ಹಾಸನವಿರಲಿ, ಹೊಳೆನರಸೀಪುರವಿರಲಿ, ಅರಕಲಗೂಡು, ಚನ್ನರಾಯಪಟ್ಟಣವಿರಲಿ, ನಿಮ್ಮ ಬಡಾವಣೆಯಲ್ಲೂ ಹೆಂಗಸರದ್ದೊಂದು ಭಜನಾ ಮಂಡಳಿ ಇದ್ದೀತು. ನೀವೂ ಅದರಲ್ಲಿ ಹಾಡುತ್ತಿರಬಹುದು. ಶುರುವಿನಲ್ಲಿ ಎಷ್ಟು ಉತ್ಸಾಹ! ಎಲ್ಲರಿಗೂ ಒಂದೇ ಬಣ್ಣದ ಸೀರೆ, ಹೊಸ ಹಾರ್ಮೋನಿಯಂ, ಗಣಪತಿ ಪೆಂಡಾಲಿನಲ್ಲಿ ಕಾರ್ಯಕ್ರಮ. ಎರಡು ವರ್ಷ ಕಳೆಯುವಷ್ಟರಲ್ಲಿ ‘ಯಾವಾಗ್ಲೂ ಅವರೇ ಮೈಕ್ ಹಿಡೀಬೇಕಾ?’, ‘ದುಡ್ಡಿನ ಲೆಕ್ಕ ಕೊಟ್ಟೇ ಇಲ್ವಲ್ಲ’ ಎಂಬ ಗೊಣಗಾಟ. ಹದಿನೈದು ಜನರ ಮಂಡಳಿ ಏಳಕ್ಕೆ ಇಳಿಯುತ್ತದೆ. ‘ನಾಲ್ಕು ಹೆಂಗಸರು ಸೇರಿದ್ರೆ ಇಷ್ಟೇ’ ಅಂತ ಮನೆಯ ಗಂಡಸರು ನಗುತ್ತಾರೆ.

ಆ ಮಾತನ್ನು ಖಂಡಿತ ಒಪ್ಪಬೇಡಿ. ಒಟ್ಟಿಗೆ ಹಾಡುವುದು ಎಲ್ಲರಿಗೂ ಕಷ್ಟದ ಕೆಲಸವೇ. ಗುಬ್ಬಿ ಕಂಪನಿಯನ್ನೇ ನೋಡಿ. 1884ರಲ್ಲಿ ಹುಟ್ಟಿದ ಈ ನಾಟಕ ಮಂಡಳಿಗೆ ಪುಟ್ಟ ಹುಡುಗನಾಗಿ ಸೇರಿದ ಗುಬ್ಬಿ ವೀರಣ್ಣನವರು (1891-1972) ಮುಂದೆ ಅದರ ಒಡೆಯರಾದರು. ‘ಕಲೆಯೇ ಕಾಯಕ’ ಅವರ ಆತ್ಮಕಥೆ. ಕಂಪನಿ ನಾಟಕವೆಂದರೆ ಅರ್ಧಕ್ಕರ್ಧ ಸಂಗೀತ. ಇವತ್ತು ಈ ಊರು, ನಾಳೆ ಇನ್ನೊಂದು ಊರಿನಲ್ಲಿ ಕ್ಯಾಂಪು. ಮಳೆ ಹಿಡಿಯಿತೋ, ಕಲೆಕ್ಷನ್ ಇಲ್ಲ. ಆದರೂ ಒಲೆ ಆರುವಂತಿಲ್ಲ. ನಟರು, ವಾದ್ಯದವರು, ಪರದೆ ಎಳೆಯುವವರು, ಮಕ್ಕಳುಮರಿ ಎಲ್ಲರ ಹೊಟ್ಟೆಗೂ ಆಗಬೇಕು. ರಾಜ್‌ಕುಮಾರ್, ನರಸಿಂಹರಾಜು, ಬಿ.ವಿ. ಕಾರಂತರಂಥವರು ಆ ಕಂಪನಿಯ ಅನ್ನ ಉಂಡು ಬೆಳೆದವರು.

ನಮ್ಮ ಜಿಲ್ಲೆಯ ಉದಾಹರಣೆಯೇ ಬೇಕೆಂದರೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವಿದೆ. ಕಾವೇರಿ ದಡದ ಈ ಸಂಗೀತದ ಊರಿನ ಹೆಸರಿನಲ್ಲೇ ರುದ್ರಪಟ್ಟಣ ಸಹೋದರರು, ಅಂದರೆ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್, ದಶಕಗಳ ಕಾಲ ಜೋಡಿಯಾಗಿ ಹಾಡಿದರು. ತಾರಾನಾಥನ್ ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ವಿಜ್ಞಾನಿಯಾಗಿದ್ದವರು. ಜೋಡಿ ಗಾಯನದಲ್ಲಿ ಒಬ್ಬರು ರಾಗ ವಿಸ್ತರಿಸುವಾಗ ಇನ್ನೊಬ್ಬರು ಕಿವಿಗೊಟ್ಟು ಕೂರಬೇಕು. ಅವರು ಬಿಟ್ಟ ಕಡೆಯಿಂದ ಇವರು ಎತ್ತಿಕೊಳ್ಳಬೇಕು. ಒಬ್ಬರ ಗಂಟಲು ಆ ದಿನ ಕೈಕೊಟ್ಟರೆ ಇನ್ನೊಬ್ಬರು ಸದ್ದಿಲ್ಲದೆ ಹೆಚ್ಚು ಹಾಡಬೇಕು.

ಈ ‘ಸದ್ದಿಲ್ಲದೆ’ ಅನ್ನೋದೇ ಮುಖ್ಯ. ನಿಮ್ಮ ಮಂಡಳಿಗೆ ಮೂರು ವಾರದಿಂದ ಬಾರದ ಗೆಳತಿಯನ್ನು ಒಮ್ಮೆ ನೆನೆಸಿಕೊಳ್ಳಿ. ಗಂಡನ ವ್ಯಾಪಾರ ನೆಲಕಚ್ಚಿರಬಹುದು. ಅತ್ತೆ ಹಾಸಿಗೆ ಹಿಡಿದಿರಬಹುದು. ತಿಂಗಳ ವಂತಿಗೆ ಕೊಡಲಾಗದೆ ಸಂಕೋಚವಾಗಿರಬಹುದು. ವಾರಕ್ಕೆ ಎರಡು ಗಂಟೆ ಹಾಡುವುದೊಂದೇ ಅವಳು ತನಗಾಗಿ ಇಟ್ಟುಕೊಂಡಿದ್ದ ಸಮಯವೂ ಆಗಿರಬಹುದು. ಅವಳ ಬೆನ್ನ ಹಿಂದೆ ನಾವು ‘ಅವರಿಗೇನು ಆಸಕ್ತಿ ಇಲ್ಲ ಬಿಡಿ’ ಅಂದುಬಿಟ್ಟರೆ, ಮಂಡಳಿ ಮುರಿಯುವುದು ಅಲ್ಲೇ. 2020ರ ಲಾಕ್‌ಡೌನ್‌ನಲ್ಲಿ ಎಲ್ಲ ಕಡೆ ಭಜನೆ ನಿಂತಿತ್ತು. ಆಗ ಒಬ್ಬರಿಗೊಬ್ಬರು ಫೋನ್ ಮಾಡಿ ‘ಊಟ ಆಯ್ತಾ, ಔಷಧಿ ಇದೆಯಾ’ ಎಂದು ಕೇಳಿಕೊಂಡವರ ಸ್ನೇಹ ಗಟ್ಟಿಯಾಯಿತು.

ಹಾಗಾದರೆ ಏನು ಮಾಡಬೇಕು? ಲೆಕ್ಕದ ಪುಸ್ತಕ ಎಲ್ಲರ ಕೈಗೂ ಸಿಗುವ ಹಾಗಿರಲಿ. ವಂತಿಗೆ ಯಾರು ಕೊಟ್ಟರು, ಯಾರು ಬಿಟ್ಟರು ಎಂಬುದನ್ನು ಮಾತ್ರ ಖಜಾಂಚಿ ತಮ್ಮಲ್ಲೇ ಇಟ್ಟುಕೊಳ್ಳಲಿ. ಹಾಡು ಹೇಳಿಕೊಡುವ ಸರದಿ ತಿಂಗಳಿಗೊಬ್ಬರಿಗೆ ಬರಲಿ. ದನಿ ಚೆನ್ನಾಗಿಲ್ಲದವರಿಗೂ ತಾಳವಿರುತ್ತದೆ, ಅದನ್ನು ಕೊಡಿ. ಬರಲಾಗದವರ ಮನೆಗೆ ಪ್ರಸಾದದ ನೆಪದಲ್ಲಿ ಒಬ್ಬರು ಹೋಗಿ ಬನ್ನಿ. ಗುಂಪಾಗಿ ಹೋಗಿ ವಿಚಾರಣೆ ಮಾಡಬೇಡಿ!

ಒಂದು ಎಚ್ಚರಿಕೆಯೂ ಬೇಕು. ಒಗ್ಗಟ್ಟಿನ ಹೆಸರಲ್ಲಿ ಅವಮಾನ ನುಂಗಿಕೊಂಡು ಕೂರಬೇಕಿಲ್ಲ. ಮಂಡಳಿಯಾಗಲಿ, ಮನೆಯಾಗಲಿ, ಯಾವಾಗಲೂ ಒಬ್ಬಳೇ ಅಡ್ಜಸ್ಟ್ ಮಾಡಿಕೊಳ್ಳುತ್ತಿದ್ದರೆ ಅದು ಜೊತೆಗೂಡಿ ಬಾಳುವುದಲ್ಲ, ಒಬ್ಬಳ ಹೆಗಲ ಮೇಲೆ ಎಲ್ಲರೂ ಕೂತಂತೆ. ಇವತ್ತು ನಾನು ನಿಮಗಾಗಿ ಸ್ವಲ್ಪ ಹೆಚ್ಚು ಹಾಡುತ್ತೇನೆ, ನಾಳೆ ನನ್ನ ಗಂಟಲು ಕಟ್ಟಿದಾಗ ನೀವು ಹಾಡಬೇಕು. ಒಪ್ಪಂದ ಇಷ್ಟೇ.

ಮುಂದಿನ ಭಜನೆಗೆ ಜಮಖಾನ ಹಾಸುವಾಗ ಆ ಗೆಳತಿ ಕೂರುತ್ತಿದ್ದ ಜಾಗ ಬಿಟ್ಟಿರಿ. ಅದಕ್ಕೂ ಮುಂಚೆ ಅವಳಿಗೊಂದು ಫೋನ್ ಮಾಡಿ. ಏನಂತೀರಿ?